ಸಿಂಧು ನಾಲ್ಕನೇ ಕ್ಲಾಸಿನಲ್ಲಿದ್ದಾಳೆ

ತೆರಕಣಾಂಬಿ
ನವೆಂಬರ್ ೯, ಭಾನುವಾರ

ತಮ್ಮ ಶಿವಮಲ್ಲುವಿಗೆ ಅಕ್ಕ ನೀಲಾವತಿ ಬರೆಯುವುದು,

ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಗುರುವಾರ ನೀನು ಶಾಲೆಯ ಹೆಡ್‌ಮಿಸ್ ಯಶೋದಮ್ಮನವರ ಕೈಗೆ ಕೊಟ್ಟುಹೋದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಮನೆಗೆ ಬಂತು. ನಿನ್ನ ಮಗಳು ಅರ್ಧವನ್ನು ಕ್ಲಾಸಿನಲ್ಲೇ ಹಂಚಿ ಬಂದಿದ್ದಳು. ಉಳಿದರ್ಧವನ್ನು ಅವ್ವ, "ನನ್ ಮಗ ಇಲ್ಲಿಗಂಟ ಬಂದು ನನ್ ಮೊಕ ನೋಡ್ದೆ ಓದ್ನಲ್ಲ" ಎಂದು ಅಳುತ್ತಲೇ ತಿಂದು ಮುಗಿಸಿದಳು.

ನೀನು ಯಾಕೆ ಬಂದಿದ್ದೆ ಎಂದು ನನಗೆ ಗೊತ್ತು. ಸಿಂಧುವನ್ನು ಕರೆದುಕೊಂಡು ಹೋಗಲು. ದೀಪಾವಳಿಯ ದಿನ ನೀನು ಫೋನಿನಲ್ಲೇ ಹೇಳಿದ್ದೆ: "ಕುಮಾರಿ ಅಸಿ ಬಾಣ್ತಿ. ಕೂಸ ಕಟ್ಕಂಡು ಗುಡಾರದಲ್ಲಿ ಒಬ್ಳೆ ಏನ್ಮಾಡಾಳು? ಸಿಂಧು ಬಂದ್ರೆ ಕೂಸ್ನಾರ ನೋಡ್ಕತದೆ. ಐದು ತಿಂಗ್ಳು ಓದಿದ್ದು ಸಾಕು ಬುಡಕ್ಕ." ನಾನು ಬಾಯಿ ತೆರೆಯುವ ಮೊದಲೇ ನೀನು ಫೋನ್ ಕಟ್ ಮಾಡಿದೆ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅಷ್ಟು ಗಟ್ಟಿ ಮನಸ್ಸು ಮಾಡಿದ್ದವನು ಕೇರಳದ ಬತ್ತೇರಿಯಿಂದ ಬಂಡೀಪುರದ ಕಾಡು ದಾಟಿ, ಆ ಹಳೇ ಟಿವಿಎಸ್ಸಿನಲ್ಲಿ ಇಲ್ಲಿಯತನಕ ಬಂದು, ಮಗಳನ್ನು ಕರೆಯದೆ ಒಬ್ಬನೇ ವಾಪಸ್ ಹೋಗಿದ್ದೀಯ. ಅದನ್ನು ಕೇಳಿದಾಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಿದೆ. ಇವತ್ತು ನನಗೆ ವಾರದ ರಜೆ. ಕೂತಿದ್ದೇನೆ.

ಈ ಕಾಗದವನ್ನು ಬತ್ತೇರಿ ಬಸ್ಸಿನ ಡ್ರೈವರ್ ಸುನೀಲ್ ಕುಮಾರ್ ನಿಮ್ಮ ಗುಡಾರದ ಹತ್ತಿರ ನಿಲ್ಲಿಸಿ ಕೊಡುತ್ತಾನೆ. ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದಿದ್ದೇನೆ. ಯಾರ ಕೈಯಲ್ಲೂ ಓದಿಸಬೇಡ. ನೀನೇ ಓದು. ನಿಧಾನವಾದರೂ ನಿನಗೆ ಬರುತ್ತದೆ.

ಜೂನ್ ತಿಂಗಳಲ್ಲಿ ನೀವು ಪುಣಜನೂರಿನ ಕಡೆಗೆ ಹೊರಟಾಗ ಸಿಂಧುವನ್ನು ನನ್ನ ಹತ್ತಿರ ಬಿಟ್ಟಿರಿ. "ಸ್ಕೂಲ್ಗೆ ಸೇರ್ಸಿವ್ನಿ, ಚೆನ್ನಾಗವ್ಳೆ" ಎಂದಷ್ಟೇ ನಾನು ಫೋನಿನಲ್ಲಿ ಹೇಳಿದೆ. ಅಷ್ಟು ಸಲೀಸಾಗಿ ಆಗಿರಲಿಲ್ಲ ಅದು.

ಸೇರಿಸಲು ಹೋದ ದಿನ ನಾನು ಎರಡು ಟ್ರಿಪ್ಪಿನ ನಡುವೆ ಖಾಕಿ ಬಟ್ಟೆಯಲ್ಲೇ ಶಾಲೆಗೆ ಹೋಗಿದ್ದೆ. ಅಲ್ಲೊಬ್ಬ ಮೇಷ್ಟ್ರು ಟಿ.ಸಿ. ಎಲ್ಲಿ, ಜನನ ಪತ್ರ ಎಲ್ಲಿ, ಇಷ್ಟು ವರ್ಷ ಯಾವ ಶಾಲೆ ಎಂದು ಒಂದೇ ಉಸಿರಿಗೆ ಕೇಳಿದರು. ಯಾವುದೂ ಇಲ್ಲ ಎಂದೆ. "ಹಾಗಾದ್ರೆ ಒಂದನೇ ಕ್ಲಾಸಿಗೆ ಕೂರಿಸಿ. ಅದೂ ನೀವು ಇನ್ನೆರಡು ತಿಂಗಳಿಗೆ ಗುಡಾರ ಕೀಳೋದಿಲ್ಲ ಅನ್ನೋದಾದ್ರೆ" ಅಂದರು. ಒಂದನೇ ಕ್ಲಾಸಿನ ಮಕ್ಕಳು ಆಗ ಊಟಕ್ಕೆ ಸಾಲಾಗಿ ಹೋಗುತ್ತಿದ್ದವು. ಒಂಬತ್ತು ತುಂಬಿದ ಸಿಂಧು ಆ ಸಾಲನ್ನು ನೋಡಿದಳು. ಅವರ ತಲೆ ಅವಳ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ನನ್ನ ಹಿಂದೆ ಬಂದು ನಿಂತುಕೊಂಡಳು.

ಹನ್ನೆರಡು ವರ್ಷದಿಂದ ಈ ದಾರಿಯಲ್ಲಿ ಟಿಕೆಟ್ ಹರಿಯುತ್ತಿದ್ದೇನೆ, ಶಿವ. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ದಿನವೂ ಎಷ್ಟು ಜನ ಮೇಷ್ಟ್ರು, ಮಿಸ್ಸುಗಳು ನನ್ನ ಬಸ್ಸಿನಲ್ಲಿ ಓಡಾಡುತ್ತಾರೆ! ಅವರು ಮಾತಾಡುವುದನ್ನು ಕೇಳಿ ಕೇಳಿ ನನಗೂ ಅರ್ಧ ಕಾನೂನು ಬಂದಿದೆ. ಕಾಗದ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು ಎಂದು ನಾನು ಜೋರಾಗಿಯೇ ಹೇಳಿದೆ. ಬಸ್ಸಿನಲ್ಲಿ ಕೂಗಿ ಅಭ್ಯಾಸವಲ್ಲವೇ, ಸ್ವಲ್ಪ ಜಾಸ್ತಿಯೇ ಜೋರಾಯಿತು. ಒಳಗಿಂದ ಯಶೋದಮ್ಮನವರು ಬಂದರು. ಕನ್ನಡಕ ಹಣೆಯ ಮೇಲಿತ್ತು.

"ಜಗಳ ಆಡೋಕೆ ಬಂದಿದ್ದೀರೋ, ಮಗು ಸೇರಿಸೋಕೆ ಬಂದಿದ್ದೀರೋ?"

"ಸೇರ್ಸಕ್ಕೆ ಬಂದಿವ್ನಿ ಮೇಡಮ್. ಸೇರಿಸ್ಕಳಲ್ಲ ಅಂದ್ರೆ ಜಗಳಕ್ಕೂ ಟೈಮದೆ. ನನ್ ಬಸ್ಸಿರೋದು ಎರಡೂವರೆಗೆ."

ಅವರು ನಕ್ಕುಬಿಟ್ಟರು. ನನ್ನ ಹಿಂದಿದ್ದವಳನ್ನು ಕರೆದು, ಏನೇನು ಬರುತ್ತದೆ ಎಂದು ಕೇಳಿದರು. ನಿನ್ನ ಮಗಳು ನೆಲ ನೋಡಿಕೊಂಡೇ ಹೇಳಿದಳು: "ಓದಕ್ಕೆ ಬರಲ್ಲ. ತಮಿಳು ಮಾತಾಡ್ತೀನಿ, ಮಲಯಾಳ ಮಾತಾಡ್ತೀನಿ." ಯಶೋದಮ್ಮ ಆ ಮೇಷ್ಟ್ರ ಕಡೆಗೊಮ್ಮೆ ನೋಡಿ, "ನನಗೆ ಕನ್ನಡ ಒಂದೇ ಕಣಮ್ಮ ಬರೋದು" ಅಂದರು. ನಾಲ್ಕನೇ ಕ್ಲಾಸಿಗೆ ಹೆಸರು ಬರೆದುಕೊಂಡರು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ತಾವು ಅಕ್ಷರ ಕಲಿಸುವುದು, ಮನೆಯಲ್ಲಿ ನಾನು ತಿದ್ದಿಸುವುದು ಎಂದು ಅಲ್ಲೇ ಮಾತಾಯಿತು.

ಜುಲೈ ತಿಂಗಳಲ್ಲಿ ನಿನ್ನ ಮಗಳು ಓಡಿಹೋಗಿದ್ದಳು. ಇದನ್ನು ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಆವತ್ತೇ ಬಂದು ಕರೆದುಕೊಂಡು ಹೋಗುತ್ತಿದ್ದೆ.

ಒಂದು ಬುಧವಾರ ನನ್ನ ಬಸ್ಸು ಚಾಮರಾಜನಗರದ ಸ್ಟ್ಯಾಂಡಿಗೆ ಹೋಗಿ ನಿಂತಿತು. ಜನ ಇಳಿಯುತ್ತಿದ್ದಾರೆ, ಎದುರಿಗೆ ಸಿಂಧು. ಯೂನಿಫಾರಂ ಹಾಕಿದ್ದಾಳೆ, ಬೆನ್ನಿಗೆ ಬ್ಯಾಗಿದೆ. ಶಾಲೆಗೆಂದು ಮನೆಯಿಂದ ಹೊರಟು ನನ್ನದಕ್ಕಿಂತ ಮುಂಚಿನ ಬಸ್ಸು ಹತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆ ನೂಕುನುಗ್ಗಲಿನಲ್ಲಿ ಯಾರೂ ಏನೂ ಕೇಳಿಲ್ಲ. ಸತ್ಯಮಂಗಲದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೂವಿನವರನ್ನು ತಮಿಳಿನಲ್ಲಿ ವಿಚಾರಿಸುತ್ತಿದ್ದಳು. ಬೈಯಬೇಕು ಎಂದು ಓಡಿದೆ. ನನ್ನನ್ನು ಕಂಡದ್ದೇ ಅವಳು, "ಅತ್ತೆ, ಅಪ್ಪ ಇರೋ ತಾವ್ಕೆ ಓಗ್ತೀನಿ. ಪುಣಜನೂರಲ್ಲಿ ಇಳ್ಕತೀನಿ. ನಂಗೆ ದಾರಿ ಗೊತ್ತು" ಅಂದಳು. ದಾರಿ ಅವಳಿಗೆ ನಿಜವಾಗಿ ಗೊತ್ತಿತ್ತು. ಶಾಲೆಯಲ್ಲಿ ಕೂರುವುದು ಹೇಗೆ ಎನ್ನುವುದೇ ಗೊತ್ತಿರಲಿಲ್ಲ.

ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಅವತ್ತು ಉಳಿದ ಟ್ರಿಪ್ಪಿನಲ್ಲೆಲ್ಲ ನನ್ನ ಜೊತೆಗೇ ಇದ್ದಳು. ಎರಡು ಇಡ್ಲಿ ತಿನ್ನಿಸಿದೆ. ಕಿಟಕಿಯಲ್ಲಿ ತಲೆಯಿಟ್ಟು ಕೂತಿದ್ದವಳು ಎದುರಿಂದ ಬರುವ ಒಂದೊಂದು ಬಸ್ಸನ್ನೂ ಇದು ಚಾಮರಾಜನಗರದ್ದು, ಇದು ಕೊಯಮತ್ತೂರಿಂದು, ಇದು ಊಟಿಗೆ ಹೋಗೋದು ಎಂದು ಹೇಳತೊಡಗಿದಳು. ಬೋರ್ಡು ಓದಿದೆಯಾ ಎಂದೆ. ಇಲ್ಲ, ಬಣ್ಣ ನೋಡಿ, ಕನ್ನಡಿ ನೋಡಿ, ಮುಂದುಗಡೆ ತಗ್ಗಾಗಿರುವುದನ್ನು ನೋಡಿ ಅಂತೆ. ಹಾಗಾದರೆ ನಮ್ಮ ಊರಿನ ಹೆಸರು ಹೇಗೆ ಬರೆದಿದ್ದಾರೆ ನೋಡು ಎಂದು ನಮ್ಮ ಬಸ್ಸಿನ ಬೋರ್ಡನ್ನೇ ಕೈಗೆ ಕೊಟ್ಟೆ. ತೆ, ರ, ಕ, ಣಾಂ, ಬಿ. ಒಂದೊಂದರ ಮೇಲೂ ಬೆರಳಿಟ್ಟಳು. ನಿನ್ನ ಮಗಳು ಅ ಆ ಇ ಈ ಸರಿಯಾಗಿ ಕಲಿಯುವ ಮೊದಲೇ ತೆರಕಣಾಂಬಿ ಓದಿದವಳು. ಯಶೋದಮ್ಮ ಅದನ್ನು ಕೇಳಿ, ಕಲಿಸೋ ಕ್ರಮ ನಾವೇ ಬದಲಾಯಿಸ್ಕೊಂಡರಾಯ್ತು ಬಿಡಿ ಎಂದರು. ಮುಂದೆ ಒಂದು ತಿಂಗಳು ಬಸ್ಸಿನ ಬೋರ್ಡೇ ಅವಳ ಪುಸ್ತಕವಾಯಿತು.

ಅವತ್ತು ಕೊನೆಯ ಟ್ರಿಪ್ಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ಅವಳೇ ಬಾಯಿ ಬಿಟ್ಟಳು. "ಅತ್ತೆ, ನಾ ಒಳಿಕ್ಕೋದ್ರೆ ಉಡ್ಗೀರೆಲ್ಲ ಜಡೆ ಇಡ್ಕಂಡು 'ಕೂದ್ಲೇ, ಕೂದಲ್ ಕೊಡಿ ಕೂದ್ಲೇ' ಅಂತಾರೆ. ಅಪ್ಪನ್ ತರಾನೇ ಕೂಗ್ತಾರೆ."

ತಾತನ ಕಾಲದಲ್ಲಿ ನಮ್ಮ ದೊಂಬಿದಾಸರು ಬಂದರು ಅಂದರೆ ಊರಿಗೆ ಊರೇ ಆಟ ನೋಡಲು, ಹಾಡು ಕೇಳಲು ಸೇರುತ್ತಿತ್ತಂತೆ. ಅಪ್ಪನ ಕಾಲಕ್ಕೆ ಅದು ಬಾಚಣಿಗೆ, ಪಿನ್ನಿನ ಪೆಟ್ಟಿಗೆಯಾಯಿತು. ನಿನ್ನ ಕಾಲಕ್ಕೆ ಉದುರಿದ ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವುದಾಯಿತು. ಬೆವರು ಸುರಿಸಿ ದುಡಿಯುವ ಕೆಲಸ. ಆದರೆ ಒಂಬತ್ತು ವರ್ಷದ ಹುಡುಗಿಗೆ ಅವಳಪ್ಪನ ಧ್ವನಿಯನ್ನೇ ಕಲ್ಲು ಮಾಡಿ ಹೊಡೆದರೆ ಅವಳು ಏನು ಮಾಡಿಯಾಳು?

ಮಾರನೆಯ ಬೆಳಿಗ್ಗೆ ನಾನು ಜಗಳಕ್ಕೆಂದೇ ಶಾಲೆಗೆ ಹೋದೆ. ಯಶೋದಮ್ಮ ಪೂರ್ತಿ ಕೇಳಿಸಿಕೊಂಡರು. "ಇದು ನನಗೆ ಗೊತ್ತಾಗದೆ ಹೋಯಿತಲ್ಲ, ತಪ್ಪು ನನ್ನದು. ನೀವು ಡ್ಯೂಟಿಗೆ ಹೋಗಿ. ಇದು ನನ್ನ ಕ್ಲಾಸು" ಎಂದರು. ಅವರು ಯಾರಿಗೂ ಹೊಡೆಯಲಿಲ್ಲ, ಬೈಯಲೂ ಇಲ್ಲವಂತೆ. ಮಧ್ಯಾಹ್ನದ ಪಾಠದಲ್ಲಿ, ನಮ್ಮ ಜಿಲ್ಲೆಯಿಂದ ತಮಿಳುನಾಡಿಗೂ ಕೇರಳಕ್ಕೂ ಹೋಗುವ ದಾರಿಯನ್ನು ಬೋರ್ಡಿನ ಮೇಲೆ ಬರೆಯುವವರು ಯಾರು ಎಂದು ಕೇಳಿದರಂತೆ. ಯಾರೂ ಏಳಲಿಲ್ಲ. ಸಿಂಧುವಿನ ಕೈಗೆ ಚಾಕ್‌ಪೀಸ್ ಕೊಟ್ಟರು. ಇವಳು ಎಳೆಯುತ್ತ ಹೋದಳು: ಚಾಮರಾಜನಗರ, ಚಂದಕವಾಡಿಗೆ ತಿರುಗುವ ದಾರಿ, ಪುಣಜನೂರಿನ ಚೆಕ್‌ಪೋಸ್ಟು, ಅಲ್ಲಿಂದ ಘಾಟಿ. ಈ ಕಡೆ ಗುಂಡ್ಲುಪೇಟೆ, ಕಾಡು, ಬತ್ತೇರಿ. ಹಿಂದಿನ ಸಾಲಿನ ಹುಡುಗನೊಬ್ಬ, "ಆನೆ ಕಂಡಿದ್ದೀಯೇನಮ್ಮಿ?" ಎಂದು ಕೆಣಕಿದನಂತೆ. ಇವಳು ತಿರುಗಿಯೂ ನೋಡದೆ, "ದಿನಾಲೂ ಕಂಡಿವ್ನಿ. ಕಬ್ಬಿನ ಲಾರಿ ಬಂದ್ರೆ ಅಡ್ಡ ನಿಂತ್ಕತದೆ. ಡ್ರೈವರ್ ಒಂದು ಜಲ್ಲೆ ಕಿತ್ತು ಎಸುದ್ರೇನೆ ದಾರಿ ಬುಡದು" ಅಂದಳು. ಬೆಲ್ಲು ಹೊಡೆದರೂ ಮಕ್ಕಳು ಏಳಲಿಲ್ಲವಂತೆ. ಆನೆ ಮರಿ ಹಾಕಿದ್ದನ್ನು ಕಂಡಿದ್ದೀಯಾ, ಗುಡಾರದ ಹತ್ತಿರ ಬಂದರೆ ಏನು ಮಾಡುತ್ತೀರಿ ಎಂದು ಒಂದೇ ಸಮ ಕೇಳಿದರಂತೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಸುಳ್ಳು ಬರೆಯುವುದಿಲ್ಲ. ಅದೇ ತಿಂಗಳು ಒಬ್ಬಳ ತಾಯಿ ಬಂದು, ಆ ಹುಡುಗಿ ಪಕ್ಕ ನಮ್ಮ ಮಗುವನ್ನು ಕೂರಿಸಬೇಡಿ, ಹೇನು ಹತ್ತುತ್ತದೆ ಎಂದಳು. ಯಶೋದಮ್ಮ ಆಶಾ ಕಾರ್ಯಕರ್ತೆಯನ್ನು ಕರೆಸಿ ಇಡೀ ಕ್ಲಾಸಿನ ತಲೆ ನೋಡಿಸಿದರು. ಏಳು ತಲೆಯಲ್ಲಿ ಹೇನು ಸಿಕ್ಕಿತು. ಸಿಂಧುವಿನ ತಲೆಯಲ್ಲಿ ಒಂದೂ ಇಲ್ಲ. ಅವ್ವನಿಗೆ ಇದು ಗೊತ್ತಾದ ಮೇಲೆ ಮೂರು ದಿನ ಬೀದಿಯಲ್ಲಿ ಅವಳದೇ ದರ್ಬಾರು. "ಕೂದ್ಲೇ ನಮ್ ಕಸುಬು. ನಮ್ಗಿಂತ ತಲೆ ಬಾಚಕ್ಕೆ ಬತ್ತದಾ ಇವ್ರಿಗೆ?" ಈಗ ಹೇನಿನ ದೂರು ತಂದ ಆ ತಾಯಿಯ ಮಗಳೇ ಭಾನುವಾರ ನಮ್ಮ ಜಗಲಿಗೆ ಬಂದು ಅವ್ವನ ಮುಂದೆ ತಲೆ ಕೊಟ್ಟು ಕೂರುತ್ತಾಳೆ.

ಇನ್ನು ಗುರುವಾರದ ವಿಷಯ. ಯಶೋದಮ್ಮ ಎಲ್ಲ ಹೇಳಿದರು. ನೀನು ಗೇಟಿನ ಹತ್ತಿರ ಟಿವಿಎಸ್ ನಿಲ್ಲಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದೆಯಂತೆ. ಶಾಲೆಯ ಅಂಗಳಕ್ಕೆ ಯಾರಪ್ಪ ಚಪ್ಪಲಿ ಬಿಟ್ಟು ಬರುತ್ತಾರೆ? ಕಿಟಕಿಯ ಪಕ್ಕ ನಿಂತೆಯಂತೆ. ಒಳಗೆ ಸಿಂಧು ಎದ್ದು ನಿಂತು ಪಾಠ ಓದುತ್ತಿದ್ದಳು. ಎರಡು ಕಡೆ ತಡವರಿಸಿದಳು, ಒತ್ತಕ್ಷರ ಬಂದಲ್ಲಿ ನಿಂತು, ಬಿಡಿಸಿಕೊಂಡು, ಮುಂದೆ ಹೋದಳು. "ಕರೀಲಾ?" ಎಂದು ಯಶೋದಮ್ಮ ಕೇಳಿದ್ದಕ್ಕೆ ನೀನು, "ಬ್ಯಾಡಿ ಮೇಡಮ್, ಓದ್ಕಳ್ಲಿ" ಅಂದೆ. ಅವಳು ಓದಿ ಮುಗಿಸಿ ಕೂರುವ ತನಕ ನಿಂತಿದ್ದು, ಪೊಟ್ಟಣ ಕೊಟ್ಟು ಹೊರಟುಹೋದೆ.

ಓದ್ಕಳ್ಲಿ. ಈ ಮಾತು ನನಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಚಂದಕವಾಡಿಯ ಬಯಲಿನಲ್ಲಿ ನಮ್ಮ ಗುಡಾರವಿತ್ತು. ಅವ್ವ ಬಿದ್ದು ಕಾಲು ಮುರಿದುಕೊಂಡಿದ್ದಳು. ನಾನು ಎಸ್ಸೆಸ್ಸೆಲ್ಸಿ, ನೀನು ನಾಲ್ಕನೇ ಕ್ಲಾಸು. ಈಗ ಸಿಂಧು ಇರುವ ಕ್ಲಾಸಿನಲ್ಲೇ. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು, "ನಿಮ್ಮವ್ವ ಎದ್ದು ಓಡಾಡಗಂಟ ನಿಮ್ಮಿಬ್ರಲ್ಲಿ ಒಬ್ರು ನನ್ ಜೊತ್ಗೆ ಬರ್ಬೇಕು" ಅಂದ. ಅವನು ನನ್ನನ್ನೇ ನೋಡುತ್ತಿದ್ದ. ನಮ್ಮವರಲ್ಲಿ ಹೆಣ್ಣುಮಗು ಹತ್ತನೇ ಕ್ಲಾಸಿನ ತನಕ ಬಂದದ್ದೇ ಹೆಚ್ಚು. ನಾನು ಆಗಲೇ ಪುಸ್ತಕ ಮುಚ್ಚಿಟ್ಟಿದ್ದೆ. ನೀನು ಎದ್ದು ನಿಂತೆ. "ನಾ ಬತ್ತೀನಿ ಕಣಪ್ಪ. ಅಕ್ಕ ಓದ್ಕಳ್ಲಿ. ಅದಕ್ಕೆ ದೊಡ್ ಪರೀಕ್ಷೆ ಅದೆ."

ಅವ್ವನ ಕಾಲು ಸರಿಹೋಗಲು ವರ್ಷವೇ ಹಿಡಿಯಿತು. ಅಷ್ಟರಲ್ಲಿ ನಿನ್ನ ಹೆಸರನ್ನು ಶಾಲೆಯಲ್ಲಿ ಹೊಡೆದುಹಾಕಿದ್ದರು. ನೀನು ಮಾತ್ರ ಶಾಲೆಯ ನೀಲಿ ಅಂಗಿಯನ್ನೇ ಹಾಕಿಕೊಂಡು ಪಿನ್ನಿನ ಪೆಟ್ಟಿಗೆ ಹೊರುತ್ತಿದ್ದೆ. ಕಂಕುಳಲ್ಲಿ ಹರಿದು, ಹೊಲಿದು, ಮತ್ತೆ ಹರಿದುಹೋಗುವ ತನಕ ಅದನ್ನು ಬಿಡಲಿಲ್ಲ.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಒಂದು ಮಧ್ಯಾಹ್ನ ನಾನು ಗೆಳತಿಯರ ಜೊತೆ ಹೈಸ್ಕೂಲಿನ ಕಾಂಪೌಂಡಿನ ಹತ್ತಿರ ನಿಂತಿದ್ದೆ. ನೀನು "ಪಿನ್ನು, ಬಾಚಣ್ಗೆ, ಟೇಪು" ಎಂದು ಕೂಗುತ್ತ ರಸ್ತೆಯಲ್ಲಿ ಬಂದೆ. ನನ್ನನ್ನು ಕಂಡು ನಕ್ಕೆ. ಒಬ್ಬಳು, "ಯಾರೆ ಅದು, ನಿನ್ನ ನೋಡಿ ನಗ್ತಾನಲ್ಲ?" ಅಂದಳು. ನನಗೆ ಗೊತ್ತಿಲ್ಲ ಅಂದೆ, ಶಿವ. ಗೊತ್ತಿಲ್ಲ ಅಂದು ಮುಖ ಆ ಕಡೆ ತಿರುಗಿಸಿದೆ. ನೀನು ಕೇಳಿಸಿಕೊಂಡೆ. ಮನೆಗೆ ಬಂದ ಮೇಲೆ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು ದಿನದ ಹಾಗೆ ನನಗೂ ಇಟ್ಟೆ. ಆದರೆ ಅವತ್ತಿನಿಂದ ನೀನು ಶಾಲೆಯ ಮುಂದೆ ಹಾದುಹೋಗುವಾಗ ಕೂಗುವುದನ್ನು ನಿಲ್ಲಿಸಿದೆ. ಬೇಲಿ ದಾಟುವ ತನಕ ಬಾಯಿ ಮುಚ್ಚಿಕೊಂಡು ನಡೆದು, ಆಚೆ ಹೋದ ಮೇಲೆ ಕೂಗುತ್ತಿದ್ದೆ. ಕ್ಲಾಸಿನಲ್ಲಿ ಕೂತು ನಾನು ಆ ಮೌನವನ್ನು ಕೇಳಿಸಿಕೊಳ್ಳುತ್ತಿದ್ದೆ. ಪಾಸಾದೆ, ಪಿಯುಸಿ ಮಾಡಿದೆ, ಕೆಲಸ ಸಿಕ್ಕಿತು, ನಿನ್ನ ಮದುವೆ ಮಾಡಿಸಿದೆ. ಈ ಒಂದು ಮಾತನ್ನು ಮಾತ್ರ ಆಡಲಿಲ್ಲ. ತಪ್ಪಾಯಿತು ಕಣಪ್ಪ. ಅಕ್ಕನನ್ನು ಕ್ಷಮಿಸು.

ಮೊನ್ನೆಯೂ ನೀನು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಿದ್ದೀಯ. ಇನ್ನು ಹಾಗೆ ಮಾಡಬೇಡ. ಈ ಶಾಲೆಯ ಮುಂದೆ ಗಂಟಲು ಬಿಟ್ಟು ಕೂಗು. ಸಿಂಧು ಕಿಟಕಿಯಿಂದ ಕೈಬೀಸುತ್ತಾಳೆ. ಅವಳು ನನ್ನಂಥವಳಲ್ಲ, ನಾನು ನೋಡಿದ್ದೇನೆ.

ಸಿಂಧುವನ್ನು ನಾನು ಕಳಿಸುವುದಿಲ್ಲ. ಅದನ್ನು ಬಿಡು. ಅವಳು ಬತ್ತೇರಿಗೆ ಹೋಗುವ ಬದಲು ಕುಮಾರಿಯೂ ಕೂಸೂ ಇಲ್ಲಿಗೆ ಬರಲಿ. ಅವ್ವನಿಗೆ ಮಂಡಿ ನೋವೇ ಹೊರತು ಕೈ ಗಟ್ಟಿಯಾಗಿದೆ. ನೀರು ಹಾಕುತ್ತಾಳೆ, ತೊಟ್ಟಿಲು ತೂಗುತ್ತಾಳೆ. ನೀನು ಇಲ್ಲಿಂದಲೇ ಬೆಳಿಗ್ಗೆ ಟಿವಿಎಸ್ ಹತ್ತಿ ಹೋಗಿ ಸಂಜೆ ಬಾ. ಗುಂಡ್ಲುಪೇಟೆ ಸುತ್ತಮುತ್ತ ಎಷ್ಟು ಹಳ್ಳಿ ಇಲ್ಲ? ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಬೇಕಾದ ಕಡೆ ಹೋಗಿ, ನಾನು ಬೇಡ ಅನ್ನುವುದಿಲ್ಲ.

ನಿನ್ನ ಮನೆಯೊಂದಕ್ಕೇ ಈ ತೊಂದರೆ ಅಂದುಕೊಳ್ಳಬೇಡ. ಊರಾಚೆ ಬಯಲಿನಲ್ಲಿ ಈಗ ಆರು ಗುಡಾರಗಳಿವೆ. ಅಲ್ಲಿಯ ಹೆಣ್ಣುಮಕ್ಕಳು ಶಾಲೆಗೆ ಬಾರದೆ ಇದ್ದದ್ದು ಕಂಕುಳಲ್ಲಿ ಕೂಸು ಇದ್ದದ್ದಕ್ಕೇ. ಸಣ್ಣತಾಯಮ್ಮ ಅಂತ ಒಬ್ಬಳು ಮುದುಕಿ ಇದ್ದಾಳೆ. ನಾನು ಎರಡು ಭಾನುವಾರ ಹೋಗಿ ಅವಳ ಕಾಲು ಹಿಡಿದೆ. "ಕೂಸ್ಗಳ ನಾ ನೋಡ್ಕತೀನಿ. ನಂಗೇನು, ಕುಂತ್ಕಂಡೇ ಇರ್ತೀನಿ. ಉಡ್ಗೀರು ಓಗ್ಲಿ ಬುಡು" ಅಂದಳು. ಐದು ಹುಡುಗಿಯರು ಶಾಲೆಗೆ ಬರತೊಡಗಿದರು. ಅವರಲ್ಲಿ ಒಬ್ಬಳ ಮನೆಯವರು ಹೋದ ತಿಂಗಳು ಗುಡಾರ ಕಿತ್ತು ಪುಣಜನೂರಿನ ಕಡೆಗೆ ಹೋದರು. ಯಶೋದಮ್ಮ ಆ ಹುಡುಗಿಯ ಹೆಸರು ಹೊಡೆಯಲಿಲ್ಲ. ಎಷ್ಟು ಕಲಿತಿದ್ದಾಳೆ, ಎಲ್ಲಿಂದ ಶುರುಮಾಡಬೇಕು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವಳ ಕೈಗೇ ಕೊಟ್ಟು, ಅಲ್ಲಿನ ಮಿಸ್ಸಿಗೆ ಫೋನ್ ಮಾಡಿದರು. ಆ ಹುಡುಗಿ ಅಲ್ಲಿ ಮಾರನೆಯ ದಿನವೇ ಶಾಲೆಯಲ್ಲಿ ಕೂತಳು. ನಾವು ಅಲೆಯುವುದನ್ನು ಬಿಟ್ಟರೇ ಓದು ಎಂದು ಇಷ್ಟು ದಿನ ಹೇಳುತ್ತಿದ್ದರಲ್ಲ, ಈಗ ಓದನ್ನೂ ಜೊತೆಗೆ ಕಟ್ಟಿಕೊಂಡು ಹೋಗಬಹುದು.

ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ಕುಮಾರಿ ಹೇಳಿದ್ದಳು. ಸಿಂಧು ಆರು ಹೆಸರು ಬರೆದಿದ್ದಾಳೆ. ಆ ಹಾಳೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಯಾರೂ ಹೇಳಿಕೊಡದೆ, ಯಾವುದನ್ನೂ ನೋಡಿಕೊಳ್ಳದೆ ಅವಳು ಬರೆದದ್ದು ಇದೇ ಮೊದಲು. ಮೂರನೆಯ ಹೆಸರಿನಲ್ಲಿ ದೀರ್ಘ ಬಿಟ್ಟಿದ್ದಾಳೆ. ನಾನು ತಿದ್ದಿಲ್ಲ, ಆ ಕೆಲಸ ನಿನ್ನದು. ನೀವಿಬ್ಬರೂ ಓದಿ, ಒಪ್ಪಿದ ಹೆಸರಿಗೆ ಗೆರೆ ಎಳೆದು ಸುನೀಲ್ ಕುಮಾರನ ಕೈಯಲ್ಲಿ ಕಳಿಸು. ಅವಳು ಮಂಗಳವಾರದಿಂದಲೇ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾಳಂತೆ.

ಕಾಡಿನ ದಾರಿಯಲ್ಲಿ ನಿಧಾನವಾಗಿ ಬಾ, ಕತ್ತಲಾಗುವ ಮೊದಲೇ ದಾಟು. ಮಾದಪ್ಪ ನಿನ್ನನ್ನೂ ಕುಮಾರಿಯನ್ನೂ ಕೂಸನ್ನೂ ಸುಖವಾಗಿ ಇಲ್ಲಿಗೆ ತಲುಪಿಸಲಿ.

ನೀನು ಓದಿಸಿದ ನಿನ್ನ ಅಕ್ಕ,
ನೀಲಾವತಿ